ಬುತ್ತಿಯ ಜೊತೆ ಒಂದು ಪ್ರಶ್ನೆ: ಕೃಷಿ ಮೇಳದಲ್ಲಿ ಒಂಬತ್ತನೇ ತರಗತಿಯ ವಿಜ್ಞಾನ ಘಟಕ

ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಹೊನ್ನಾಳಿ ತಾಲ್ಲೂಕಿನ ಒಂದು ವಸತಿ ಪ್ರೌಢಶಾಲೆಗೆ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಆಹಾರ ಸಂಪನ್ಮೂಲಗಳ ಸುಧಾರಣೆ’ ಎಂಬ ಘಟಕ ನನ್ನ ಪಾಲಿಗೆ ಬಂತು. ಅದೇ ಹೊತ್ತಿಗೆ ಶಿವಮೊಗ್ಗದ ನವುಲೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ಮೇಳ ಇತ್ತು. ಘಟಕವನ್ನು ಮೇಳದೊಂದಿಗೆ ಜೋಡಿಸಿ ಪಾಠಯೋಜನೆ ಮಾಡಲು ಮಾರ್ಗದರ್ಶಿ ಶಿಕ್ಷಕಿಯವರು ಒಪ್ಪಿದರು. ಮೂವತ್ತೊಂದು ಮಕ್ಕಳು, ಏಳು ಅವಧಿ, ಒಂದು ದಿನದ ಪ್ರಯಾಣ. ಆ ಪಾಠ ಹೇಗೆ ಸಿದ್ಧವಾಯಿತು, ಮೇಳದಲ್ಲಿ ಏನು ನಡೆಯಿತು, ಮರಳಿದ ಮೇಲೆ ಏನು ಉಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳ ಹೆಸರು ಬಳಸಿಲ್ಲ.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೃಷಿ ಮೇಳ ಎಂದರೆ ಜಾತ್ರೆ. ಟ್ರ್ಯಾಕ್ಟರ್, ಡ್ರೋನ್, ಮೈಕಿನ ಗದ್ದಲ, ಉಚಿತ ಟೋಪಿ, ಕೈಗೆ ಸಿಕ್ಕಿದ ಕರಪತ್ರ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ‘ನೋಡಿ ಬನ್ನಿ’ ಎಂದರೆ ಅವರು ನೋಡಿ ಬರುತ್ತಾರೆ, ಅಷ್ಟೇ. ಮನೆಯ ಹೊಲದಿಂದ ಎದ್ದ ಒಂದು ಪ್ರಶ್ನೆಯನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಹೋದ ಮಗು ಮಾತ್ರ ಅಲ್ಲಿ ನಿಂತು ಕೇಳುತ್ತದೆ, ವಾದಿಸುತ್ತದೆ, ಉತ್ತರವನ್ನು ಮನೆಗೆ ಮುಟ್ಟಿಸುತ್ತದೆ. ಹಾಗಾಗಿ ನನ್ನ ಯೋಜನೆಯಲ್ಲಿ ಹೆಚ್ಚಿನ ಶ್ರಮ ಮೇಳದ ದಿನಕ್ಕಿಂತ ಅದರ ಹಿಂದಿನ ವಾರಕ್ಕೆ ಹೋಯಿತು.

ಜಿಲ್ಲೆ ಒಂದು, ಬೇಸಾಯ ನಾಲ್ಕು ಬಗೆ

ವಸತಿ ಶಾಲೆಯ ಅನುಕೂಲ ಏನೆಂದರೆ ಒಂದೇ ತರಗತಿಯಲ್ಲಿ ಬೇರೆ ಬೇರೆ ತಾಲ್ಲೂಕಿನ ಮಕ್ಕಳು ಕೂತಿರುತ್ತಾರೆ. ನನ್ನ ತರಗತಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆಯವರು ಇದ್ದರು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಬಂದದ್ದು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಿದ್ದರೂ ಮಣ್ಣು ಮಳೆ ಒಂದೇ ಅಲ್ಲ. ಚನ್ನಗಿರಿಯ ಮಕ್ಕಳಿಗೆ ಬೇಸಾಯ ಎಂದರೆ ಅಡಿಕೆ ತೋಟ, ಭದ್ರಾ ನಾಲೆ, ಶಾಂತಿಸಾಗರದ ನೀರು. ಹೊನ್ನಾಳಿಯವರಿಗೆ ತುಂಗಭದ್ರೆಯ ದಂಡೆಯ ಗದ್ದೆ. ನ್ಯಾಮತಿಯವರಿಗೆ ಮಳೆ ನಂಬಿದ ಮೆಕ್ಕೆಜೋಳ, ಬೋರ್‌ವೆಲ್‌ನಲ್ಲಿ ನೀರು ಸಿಕ್ಕವರಿಗೆ ಒಂದಿಷ್ಟು ತೋಟ. ಜಗಳೂರಿನವರಿಗೆ ಮೋಡ ನೋಡುವುದೇ ಅರ್ಧ ಬೇಸಾಯ. ಅಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಯ ಮಾತನ್ನು ಆ ಮಕ್ಕಳು ಹುಟ್ಟಿದಾಗಿನಿಂದ ಕೇಳುತ್ತಾ ಬಂದವರು.

ಪಠ್ಯಪುಸ್ತಕ ಇಡೀ ದೇಶಕ್ಕೆ ಬರೆದದ್ದು. ಅದರಲ್ಲಿ ಅಂತರ ಬೆಳೆಗೆ ಉದಾಹರಣೆ ಸೋಯಾ ಅವರೆ ಮತ್ತು ಮೆಕ್ಕೆಜೋಳ. ದನದ ತಳಿಗೆ ರೆಡ್ ಸಿಂಧಿ, ಸಾಹಿವಾಲ್. ನಮ್ಮ ಪಕ್ಕದ ಅಜ್ಜಂಪುರದ ಅಮೃತ್ ಮಹಲ್ ಅಲ್ಲಿಲ್ಲ. ಅದು ತಪ್ಪೇನಲ್ಲ. ಹಾಲಿನ ತಳಿಯ ಮಾತು ಬಂದಲ್ಲಿ ಉಳುಮೆ ತಳಿಯ ಹೆಸರು ಬರುವುದಿಲ್ಲ. ಆದರೆ ಆ ಖಾಲಿ ಜಾಗವನ್ನು ತುಂಬುವ ಕೆಲಸ ಶಿಕ್ಷಕರದ್ದು ಎಂದು ನನಗೆ ಅನಿಸಿತು.

ನವುಲೆಯನ್ನು ಆರಿಸಲು ಕಾರಣ ದೂರ ಕಡಿಮೆ ಎಂಬುದಷ್ಟೇ ಅಲ್ಲ. 2012ರಲ್ಲಿ ಆರಂಭವಾಗಿ ಈಗ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಎಂಬ ಹೆಸರಿರುವ ಈ ಸಂಸ್ಥೆಯ ವ್ಯಾಪ್ತಿಗೇ ನಮ್ಮ ಜಿಲ್ಲೆ ಸೇರುತ್ತದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರವೂ ಅದರದ್ದೇ. ಮುಖ್ಯ ಕಚೇರಿ ಸಾಗರ ತಾಲ್ಲೂಕಿನ ಇರುವಕ್ಕಿಗೆ ಹೋಗಿದ್ದರೂ ಕೃಷಿ ಕಾಲೇಜು, ತಾಕುಗಳು ನವುಲೆಯಲ್ಲಿವೆ. ಅಂದರೆ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರಿಸುವುದು ಕೆಲಸವೇ ಆಗಿರುವ ಜನ ಅಲ್ಲಿ ಸಿಗುತ್ತಾರೆ.

ಭಾನುವಾರದ ಫೋನು

ಹಾಸ್ಟೆಲಿನಲ್ಲಿ ಮಕ್ಕಳು ಮನೆಗೆ ಮಾತಾಡುವುದು ವಾರಕ್ಕೆ ಒಂದು ದಿನ. ಮೇಳಕ್ಕೆ ಮುಂಚಿನ ಭಾನುವಾರ ಎಲ್ಲರಿಗೂ ಒಂದೇ ಮನೆಗೆಲಸ ಕೊಟ್ಟೆ: ‘ಈ ವರ್ಷ ನಮ್ಮ ಹೊಲದಲ್ಲಿ ನಿಮಗೆ ಅರ್ಥವಾಗದ ಒಂದು ಸಂಗತಿ ಯಾವುದು ಎಂದು ಮನೆಯವರನ್ನು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.’ ಅವರ ಮಾತಿನಲ್ಲೇ ಎಂಬುದನ್ನು ಒತ್ತಿ ಹೇಳಿದ್ದೆ. ಇಲ್ಲದಿದ್ದರೆ ಮಕ್ಕಳು ಅದನ್ನು ಪುಸ್ತಕದ ಭಾಷೆಗೆ ತಿರುಗಿಸಿ ‘ಕೀಟಗಳ ಹಾವಳಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಸೋಮವಾರ ಬಂದ ಉತ್ತರಗಳನ್ನು ದೊಡ್ಡ ಹಾಳೆಯ ಮೇಲೆ ಬರೆಸಿದೆ. ‘ಎಣ್ಣೆ ಹೊಡೆದ್ರೂ ಹುಳ ಯಾಕೆ ಸಾಯಲ್ಲ?’ ‘ಗೊಬ್ಬರ ಹಾಕಿದ್ರೂ ಅಡಿಕೆ ಸಸಿ ಹಳದಿ ಯಾಕೆ?’ ‘ಈರುಳ್ಳಿ ಕಿತ್ತ ದಿನಾನೇ ರೇಟು ಯಾಕೆ ಬೀಳುತ್ತೆ?’ ‘ಸಾಲ ಯಾವಾಗ ತೀರುತ್ತೆ?’ ಕೊನೆಯದನ್ನು ಓದಿದ ಹುಡುಗ ನಕ್ಕ, ತರಗತಿ ನಗಲಿಲ್ಲ.

ಇವನ್ನು ಮೂರು ಗುಂಪು ಮಾಡಲು ಹೇಳಿದೆ: ವಿಜ್ಞಾನವನ್ನು ಕೇಳಬೇಕಾದವು, ಮಾರುಕಟ್ಟೆ ಮತ್ತು ಸರ್ಕಾರವನ್ನು ಕೇಳಬೇಕಾದವು, ನಾವೇ ನೋಡಿ ಅಳೆದು ಕಂಡುಕೊಳ್ಳಬಹುದಾದವು. ಇಡೀ ಅವಧಿ ಇದರಲ್ಲೇ ಹೋಯಿತು. ಹುಳದ ಪ್ರಶ್ನೆ ಒಂದನೆಯ ಗುಂಪಿಗೋ ಮೂರನೆಯದಕ್ಕೋ ಎಂದು ಜಗಳವಾಯಿತು. ಸಾಲದ ಪ್ರಶ್ನೆ ಎರಡರಲ್ಲೂ ಇರಲಿ ಎಂದು ಒಬ್ಬಳು ಹೇಳಿದಳು. ಅವರ ಮನೆಯಲ್ಲಿ ಸಾಲ ಆದದ್ದು ಔಷಧಿ ಅಂಗಡಿಯಲ್ಲಂತೆ, ಹುಳ ಸತ್ತಿದ್ದರೆ ಸಾಲವೂ ಕಡಿಮೆ ಆಗುತ್ತಿತ್ತಂತೆ. ವಿಜ್ಞಾನದ ಸ್ವರೂಪ ಎಂಬ ವಿಷಯವನ್ನು ನಾವು ಮೊದಲ ವರ್ಷದಲ್ಲಿ ಓದಿ ಪರೀಕ್ಷೆ ಬರೆದಿದ್ದೇವೆ. ಅದು ನನಗೆ ಹಿಡಿತಕ್ಕೆ ಸಿಕ್ಕಿದ್ದು ಆ ಹಾಳೆಯ ಮುಂದೆ.

ಎಲ್ಲ ಮನೆಯಿಂದಲೂ ಪ್ರಶ್ನೆ ಬರಲಿಲ್ಲ. ಜಗಳೂರಿನ ಹಳ್ಳಿಯೊಂದರ ಹುಡುಗಿ ಖಾಲಿ ಪುಟ ತಂದಿದ್ದಳು. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಹೊಲದ ಸುದ್ದಿ ನಿನಗ್ಯಾಕವ್ವ? ಹೊಲ ಬ್ಯಾಡ ಅಂತಲೇ ನಿನ್ನ ಹಾಸ್ಟೆಲಿಗೆ ಹಾಕಿರೋದು. ನೀನು ಓದು.’

ಈ ಮಾತನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವ ಹಾಗಿರಲಿಲ್ಲ. ವಸತಿ ಶಾಲೆಗೆ ಮಕ್ಕಳನ್ನು ಕಳಿಸುವ ಬಹಳಷ್ಟು ತಂದೆತಾಯಿಯರ ಆಸೆ ಅದೇ. ಮಗಳು ಬಿಸಿಲಲ್ಲಿ ಕಳೆ ಕೀಳಬಾರದು. ಅವರ ಎದುರು ನಿಂತು ‘ಕೃಷಿಯ ಮಹತ್ವ’ ಎಂದು ಉಪನ್ಯಾಸ ಕೊಡಲು ನನಗೆ ಅಧಿಕಾರವಿಲ್ಲ; ನಮ್ಮ ಮನೆಯಲ್ಲಿ ನನ್ನನ್ನು ಬಿ.ಎಸ್ಸಿ. ಓದಿಸಿದ್ದೂ ಅದೇ ಆಸೆಯಿಂದ. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: ಹೊಲದ ಪ್ರಶ್ನೆ ಕೇಳಿದವರೆಲ್ಲ ಹೊಲಕ್ಕೆ ಹೋಗಬೇಕಿಲ್ಲ, ರೋಗದ ಪ್ರಶ್ನೆ ಕೇಳಿದವರೆಲ್ಲ ರೋಗಿಗಳಲ್ಲ. ಮಾರ್ಗದರ್ಶಿ ಶಿಕ್ಷಕಿಯವರು ವಾರ್ಡನ್ ಜೊತೆ ಮಾತಾಡಿ ಬುಧವಾರ ಇನ್ನೊಮ್ಮೆ ಫೋನು ಕೊಡಿಸಿದರು. ಈ ಸಲ ಎತ್ತಿದ್ದು ಅಜ್ಜಿ. ಅಜ್ಜಿಯ ಬಳಿ ಪ್ರಶ್ನೆ ತಯಾರಾಗಿಯೇ ಇತ್ತು: ‘ಮೊದ್ಲು ಅಕ್ಕಡಿ ಸಾಲು ಹಾಕ್ತಿದ್ವಿ. ತೊಗರಿ, ಅಲಸಂದಿ, ಅವರೆ ಮನಿಗೆ ಸಾಲ್ತಿತ್ತು. ಈಗ ಹಾಕಿದ್ರೆ ಹುಟ್ಟೋದೇ ಇಲ್ಲ. ಭೂಮಿ ಸತ್ತೋಯ್ತಾ?’

ನಾಲ್ಕು ತಂಡ, ನಾಲ್ಕು ಪ್ರಶ್ನೆ ಗೊತ್ತಾಯಿತು. ಚನ್ನಗಿರಿಯವರದು ಅಡಿಕೆ ಸಸಿಯ ಹಳದಿ, ಹೊನ್ನಾಳಿಯವರದು ಭತ್ತದ ಬೆಂಕಿ ರೋಗ, ನ್ಯಾಮತಿಯವರದು ಮೆಕ್ಕೆಜೋಳದ ಹುಳ, ಜಗಳೂರಿನವರದು ಅಜ್ಜಿಯ ಅಕ್ಕಡಿ. ಪ್ರತಿ ತಂಡವೂ ಹೋಗುವ ಮುಂಚೆ ತನ್ನ ಊಹೆಯನ್ನು ಬರೆದು ಸಹಿ ಹಾಕಿ ನನಗೆ ಕೊಟ್ಟಿತು.

ನಿಯಮ ಎರಡು. ಮೇಳದ ಮೊದಲ ಒಂದು ಗಂಟೆ ತಂಡ ತನ್ನ ಪ್ರಶ್ನೆಗೆ ಸಂಬಂಧಿಸಿದ ಮಳಿಗೆ ಅಥವಾ ತಾಕಿನಲ್ಲೇ ಇರಬೇಕು. ಉತ್ತರ ಬರೆದುಕೊಳ್ಳುವವರೆಗೆ ಒಂದೂ ಕರಪತ್ರ ತೆಗೆದುಕೊಳ್ಳಬಾರದು. ಎರಡನೆಯ ನಿಯಮದ ಬಗ್ಗೆ ಮಕ್ಕಳಿಗೆ ಬಹಳ ಬೇಸರವಿತ್ತು.

ನವುಲೆಯಲ್ಲಿ

ನ್ಯಾಮತಿ, ಸವಳಂಗದ ಮೇಲೆ ಬಸ್ಸು ಹೋಯಿತು. ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಚಿತ್ರಾನ್ನದ ಡಬ್ಬಿ, ಪ್ರತಿ ತಂಡಕ್ಕೆ ಒಬ್ಬ ದೊಡ್ಡವರು, ಇದೆಲ್ಲ ನಮ್ಮ ಕಾಲೇಜಿನ ಕ್ಷೇತ್ರಭೇಟಿ ನಮೂನೆಯಲ್ಲಿ ಇದ್ದದ್ದೇ. ಅದರಲ್ಲಿ ಇಲ್ಲದ ಒಂದನ್ನು ಸೇರಿಸುತ್ತೇನೆ: ಮೊದಲು ಹೆಣ್ಣುಮಕ್ಕಳ ಶೌಚಾಲಯ ಎಲ್ಲಿದೆ ನೋಡಿ, ಆಮೇಲೆ ಸೇರುವ ಜಾಗ ಗೊತ್ತು ಮಾಡಿ.

ಹೊನ್ನಾಳಿ ತಂಡದ ಕೆಲಸ ಬೇಗ ಮುಗಿಯಿತು. ಬೆಂಕಿ ರೋಗ ಶಿಲೀಂಧ್ರದಿಂದ ಬರುತ್ತದೆ, ಯೂರಿಯಾ ಜಾಸ್ತಿಯಾದರೆ ಎಲೆ ಮೆತ್ತಗೆ ಹಸಿರಾಗಿ ಬೆಳೆದು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ ಎಂದು ಭತ್ತದ ಮಳಿಗೆಯವರು ವಿವರಿಸಿದರು. ಮಕ್ಕಳ ಊಹೆ ಇದಕ್ಕೆ ತಿರುಗುಮುರುಗಾಗಿತ್ತು, ಗೊಬ್ಬರ ಸಾಲದೆ ರೋಗ ಬರುತ್ತದೆ ಎಂದು ಬರೆದಿದ್ದರು. ಅಲ್ಲೇ ‘ಸಹ್ಯಾದ್ರಿ ಮೇಘ’ ಎಂಬ ಕೆಂಪಕ್ಕಿ ತಳಿಯ ಮಾತೂ ಬಂತು. ಈ ವಿಶ್ವವಿದ್ಯಾಲಯದ್ದೇ ತಳಿ; ಜ್ಯೋತಿ ಭತ್ತವನ್ನು ರೋಗ ತಡೆಯುವ ಅಕ್ಕಳು ಭತ್ತದೊಂದಿಗೆ ಸಂಕರಣ ಮಾಡಿ ಪಡೆದದ್ದು. ಪಠ್ಯದಲ್ಲಿ ಸಂಕರಣ ಎಂಬ ಪದಕ್ಕೆ ವ್ಯಾಖ್ಯೆ ಇದೆ. ಇಲ್ಲಿ ತಾಯಿ ಯಾವುದು ತಂದೆ ಯಾವುದು, ಯಾವ ಗುಣ ಎಲ್ಲಿಂದ ಎಂದು ಹುಡುಗರು ಬೆರಳು ಮಡಿಸಿ ಎಣಿಸಿದರು.

ಚನ್ನಗಿರಿಯವರಿಗೆ ಸಿಕ್ಕ ಉತ್ತರ ಗೊಬ್ಬರದ ಚೀಲದಲ್ಲಿ ಇರಲಿಲ್ಲ. ‘ನಿಮ್ಮ ತೋಟದ ಪಕ್ಕ ಏನಿದೆ?’ ಎಂದು ಅಡಿಕೆ ಮಳಿಗೆಯಲ್ಲಿದ್ದವರು ತಿರುಗಿ ಕೇಳಿದರು. ಗದ್ದೆ. ‘ನಾಲೆ ನೀರು ಬಿಟ್ಟಾಗ ಹಳದಿಯಾಗುತ್ತೋ, ಬೇಸಿಗೆಯಲ್ಲೂ ಆಗುತ್ತೋ?’ ಮಕ್ಕಳಿಗೆ ಗೊತ್ತಿರಲಿಲ್ಲ. ವಾರ್ಡನ್ ಸರ್ ಫೋನಿನಿಂದ ಅಲ್ಲಿಂದಲೇ ಮನೆಗೆ ಕೇಳಿದರು. ನೀರು ಬಿಟ್ಟಾಗಲೇ. ಗದ್ದೆಯನ್ನು ತೋಟ ಮಾಡಿದ ಕಡೆ ಬಸಿಗಾಲುವೆ ಆಳವಾಗಿ ತೆಗೆಯದಿದ್ದರೆ ಬೇರಿನ ಸುತ್ತ ನೀರು ನಿಲ್ಲುತ್ತದೆ, ಮಣ್ಣಿನ ಗಾಳಿ ಹೋಗುತ್ತದೆ, ಉಸಿರಾಡದ ಬೇರು ಗೊಬ್ಬರವನ್ನು ಹೀರಲಾರದು. ಭತ್ತ ನಿಂತ ನೀರಿನಲ್ಲಿ ಬದುಕುತ್ತದೆ, ಅಡಿಕೆ ಬದುಕುವುದಿಲ್ಲ. ‘ಬೇರೂ ಉಸಿರಾಡುತ್ತದೆ’ ಎಂಬ ವಾಕ್ಯವನ್ನು ನಾನು ಹಿಂದಿನ ತಿಂಗಳು ಕರಿಹಲಗೆಯ ಮೇಲೆ ಬರೆಸಿದ್ದೆ. ಅದನ್ನು ಎಲ್ಲರೂ ಕಂಠಪಾಠ ಹೇಳುತ್ತಿದ್ದರು. ತೋಟಕ್ಕೂ ಆ ವಾಕ್ಯಕ್ಕೂ ಸಂಬಂಧ ಬಂದದ್ದು ಅಂದು.

ನ್ಯಾಮತಿ ತಂಡ ಕೀಟಶಾಸ್ತ್ರದ ಮಳಿಗೆಗೆ ಹೋಯಿತು. ಗಾಜಿನ ಸೀಸೆಯಲ್ಲಿ ಹುಳ, ಪಕ್ಕದಲ್ಲಿ ಪತಂಗ, ಭೂತಗನ್ನಡಿ. ‘ಇದೇ ನಮ್ಮ ಲದ್ದಿ ಹುಳ ಮಿಸ್’ ಎಂದು ಒಬ್ಬ ಕೂಗಿದ. ಸುಳಿಯೊಳಗೆ ಕೂತು ತಿಂದು ಮರದ ಹೊಟ್ಟಿನ ಹಾಗೆ ಹಿಕ್ಕೆ ಬಿಡುವುದರಿಂದ ಆ ಹೆಸರು. ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಗುರುತು, ಹಿಂಬದಿಯಲ್ಲಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ, ಇವೆರಡಿದ್ದರೆ ಅದು ಫಾಲ್ ಸೈನಿಕ ಹುಳು ಎಂದು ಅಲ್ಲಿನವರು ತೋರಿಸಿದರು. ಅಪ್ಪನ ಪ್ರಶ್ನೆಯನ್ನು ಹುಡುಗ ಕೇಳಿದ: ‘ನಮ್ಮಜ್ಜನ ಕಾಲದಾಗೆ ಈ ಹುಳ ಇರಲಿಲ್ಲಂತೆ. ಎಲ್ಲಿಂದ ಬಂತು?’

‘ಅಮೆರಿಕ ಖಂಡದ್ದು ಮರಿ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. ನಮ್ಮ ದೇಶದಲ್ಲಿ ಮೊದಲು ಕಂಡದ್ದು ಎಲ್ಲಿ ಗೊತ್ತಾ? ಇಲ್ಲೇ. 2018ರ ಮೇ ತಿಂಗಳು, ಶಿವಮೊಗ್ಗದ ಈ ಕಾಲೇಜಿನ ಮೆಕ್ಕೆಜೋಳದ ತಾಕಿನಲ್ಲಿ.’

ಆಗ ಮಕ್ಕಳು ಮಳಿಗೆ ಬಿಟ್ಟು ಹೊರಗೆ ಇಣುಕಿ ನೋಡಿದರು, ಹುಳ ಈಗಲೂ ಅಲ್ಲೇ ನಿಂತಿದೆಯೇನೋ ಎಂಬಂತೆ. ಇಡೀ ಏಷ್ಯಾದ ರೈತರಿಗೆ ಸಂಬಂಧಿಸಿದ ಒಂದು ಸಂಶೋಧನೆ ತಮ್ಮ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ನಡೆಯಿತು ಎಂಬುದು ಅವರಿಗೆ ಹೊಸದು. ನನಗೂ ಅದನ್ನು ಅಲ್ಲಿ ನಿಂತು ಕೇಳುವುದು ಬೇರೆಯೇ ಅನಿಸಿತು. ಪುಸ್ತಕದಲ್ಲಿ ವಿಜ್ಞಾನಿ ಎಂದರೆ ಯಾವಾಗಲೂ ದೂರದವರು, ಬಹುಪಾಲು ತೀರಿಹೋದವರು. ಇಲ್ಲಿ ಯಾರೋ ಒಬ್ಬರು ಒಂದು ಹುಳವನ್ನು ನೋಡಿ ‘ಇದು ನಮ್ಮಲ್ಲಿ ಇದ್ದದ್ದಲ್ಲವಲ್ಲ’ ಎಂದು ನಿಂತಿದ್ದಾರೆ. ವೀಕ್ಷಣೆ ಎಂಬ ಕೌಶಲವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯ ಶಿಕ್ಷಕರಿಗೆ ಸಿಗಲಾರದು.

ಔಷಧಿ ಹೊಡೆದರೂ ಸಾಯದಿರುವ ಕಾರಣವೂ ತಿಳಿಯಿತು. ಬಲಿತ ಹುಳ ಸುಳಿಯ ಆಳಕ್ಕೆ ಇಳಿದು ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಳ್ಳುತ್ತದೆ. ಹೊಡೆದದ್ದು ಅದಕ್ಕೆ ತಾಗುವುದಿಲ್ಲ. ಮೊಟ್ಟೆ, ಮರಿ ಹಂತದಲ್ಲೇ ನೋಡಬೇಕು. ಒಬ್ಬ ಹುಡುಗ ಸಂಕೋಚದಿಂದ, ‘ನಮ್ಮಪ್ಪ ಸುಳಿಗೆ ಮರಳು ಹಾಕ್ತಾರೆ ಸಾರ್’ ಎಂದ. ಅಪ್ಪ ಮಾಡುವುದು ಹಳ್ಳಿಯ ಕೆಲಸ, ಇಲ್ಲಿ ಹೇಳಬಹುದೋ ಬಾರದೋ ಎಂಬ ಅಳುಕು. ಅವರು ನಗಲಿಲ್ಲ. ಬಿತ್ತಿದ ಮೊದಲ 30 ದಿನದೊಳಗೆ 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕುವುದು ಶಿಫಾರಸಿನಲ್ಲೇ ಇದೆ ಎಂದರು. ಹುಡುಗ ‘ಸುಣ್ಣ’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದ.

ಇದೇ ತಂಡ ಆಮೇಲೆ ಒಂದು ಕಂಪನಿಯ ಮಳಿಗೆಯ ಮುಂದೆ ನಿಂತು ಡಬ್ಬಿಗಳ ಮೇಲಿನ ಬಣ್ಣದ ತ್ರಿಕೋನ ನೋಡಿತು. ಕೆಂಪು, ಹಳದಿ, ನೀಲಿ, ಹಸಿರು, ವಿಷದ ತೀವ್ರತೆ ಈ ಕ್ರಮದಲ್ಲಿ ಇಳಿಯುತ್ತದೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ರಜೆಯಲ್ಲಿ ಮನೆಗೆ ಹೋದಾಗ ಪಂಪು ಬೆನ್ನಿಗೆ ಹಾಕಿಕೊಂಡು ಹೊಡೆಯುವ ಹುಡುಗರು ಆ ತಂಡದಲ್ಲಿ ಮೂವರಿದ್ದರು. ಮುಖಕ್ಕೆ ಟವೆಲ್ಲೂ ಇಲ್ಲ. ನಮ್ಮ ಕಡೆ ಅದನ್ನು ‘ಔಷಧಿ’ ಎನ್ನುತ್ತಾರೆ, ‘ಎಣ್ಣೆ’ ಎನ್ನುತ್ತಾರೆ, ವಿಷ ಎನ್ನುವುದಿಲ್ಲ. ಪಠ್ಯದ ‘ಕೀಟನಾಶಕ’ವೂ ಮನುಷ್ಯನಿಗೆ ಏನೂ ಮಾಡದು ಎಂಬಂತೆಯೇ ಕೇಳಿಸುತ್ತದೆ. ಮೂವರಲ್ಲಿ ಒಬ್ಬ ‘ನಮ್ಮನೇಲಿರೋದು ಹಳದಿ’ ಎಂದು ಮೆಲ್ಲಗೆ ಹೇಳಿದ.

ಅಜ್ಜಿಯ ಅಕ್ಕಡಿ

ಜಗಳೂರಿನ ತಂಡಕ್ಕೆ ಸರಿಯಾದ ಮಳಿಗೆ ಯಾವುದು ಎಂಬುದೇ ಸ್ಪಷ್ಟವಿರಲಿಲ್ಲ. ಅವರ ಊಹೆ: ರಾಸಾಯನಿಕ ಗೊಬ್ಬರದಿಂದ ಭೂಮಿ ಸತ್ತಿದೆ, ಅದಕ್ಕೆ ತೊಗರಿ ಹುಟ್ಟುವುದಿಲ್ಲ. ಮಣ್ಣು ಪರೀಕ್ಷೆಯ ಮಳಿಗೆಯಲ್ಲಿ ಕೇಳಿದಾಗ, ‘ಸತ್ತ ಭೂಮಿಯಲ್ಲಿ ಮೆಕ್ಕೆಜೋಳ ಹೇಗೆ ಹುಟ್ಟುತ್ತದೆ?’ ಎಂಬ ಮರುಪ್ರಶ್ನೆ ಬಂತು. ಅದಕ್ಕೆ ಮಕ್ಕಳ ಬಳಿ ಉತ್ತರವಿರಲಿಲ್ಲ. ಬೇಸಾಯಶಾಸ್ತ್ರದವರ ಬಳಿ ಹೋಗಿ ಎಂದು ಕಳಿಸಿದರು.

ಅಲ್ಲಿ ಹುಡುಗಿ ಅಜ್ಜಿಯ ಮಾತನ್ನು ಇದ್ದ ಹಾಗೇ ಓದಿದಳು. ಪಕ್ಕದಲ್ಲಿ ನಿಂತಿದ್ದ, ಚಿತ್ರದುರ್ಗದ ಕಡೆಯ ಹಿರಿಯ ರೈತರೊಬ್ಬರು ಮಳಿಗೆಯವರಿಗಿಂತ ಮುಂಚೆ ಬಾಯಿ ಹಾಕಿದರು: ‘ತಂಗೀ, ಮೆಕ್ಕೆಜೋಳ ಬಿತ್ತಿದ ಮಾರನೇ ದಿನ ಕಳೆಗೆ ಎಣ್ಣೆ ಹೊಡೀತೀರೋ ಇಲ್ಲೋ? ಆ ಎಣ್ಣೆ ಕಳೆ ಯಾವುದು ತೊಗರಿ ಯಾವುದು ಅಂತ ನೋಡ್ತದೇನು?’

ಬೇಸಾಯಶಾಸ್ತ್ರದವರು ಅದನ್ನೇ ಬಿಡಿಸಿ ಹೇಳಿದರು. ಮೆಕ್ಕೆಜೋಳದಲ್ಲಿ ಬಳಸುವ ಅಟ್ರಜಿನ್ ಎಂಬ ಕಳೆನಾಶಕವನ್ನು ಮೆಕ್ಕೆಜೋಳದ ಗಿಡ ತನ್ನೊಳಗೇ ಮುರಿದು ನಿರಪಾಯ ಮಾಡಿಕೊಳ್ಳುತ್ತದೆ. ಅಗಲ ಎಲೆಯ ಕಳೆಗಳಿಗೆ ಆ ಶಕ್ತಿ ಇಲ್ಲ, ಸಾಯುತ್ತವೆ. ತೊಗರಿ, ಅಲಸಂದೆ, ಅವರೆಯೂ ಅಗಲ ಎಲೆಯವೇ. ಭೂಮಿ ಸತ್ತಿಲ್ಲ, ಅಕ್ಕಡಿಯನ್ನು ಕಳೆಯ ಲೆಕ್ಕಕ್ಕೆ ಸೇರಿಸಿ ಕೊಂದಂತಾಗಿದೆ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ತಂಡದಲ್ಲಿ ಒಬ್ಬ, ‘ಏಕದಳ, ದ್ವಿದಳ!’ ಎಂದ. ಏಕದಳ ದ್ವಿದಳ ವ್ಯತ್ಯಾಸ ಬರೆಯಿರಿ ಎಂಬ ಎರಡು ಅಂಕದ ಪ್ರಶ್ನೆಗೆ ಅವರು ಎಷ್ಟು ಸಲ ಉತ್ತರಿಸಿದ್ದಾರೋ. ಅದೇ ವ್ಯತ್ಯಾಸ ಒಂದು ಡಬ್ಬಿಯೊಳಗೆ ಕೂತು ಅಜ್ಜಿಯ ಅಡುಗೆಮನೆಯಿಂದ ಬೇಳೆಯನ್ನು ತೆಗೆದುಹಾಕಿದೆ.

ಇದನ್ನು ನಾನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ, ಬರೆಯಲು ಆಗುತ್ತಲೂ ಇರಲಿಲ್ಲ. ಇಂಥ ಉತ್ತರ ಶಿಕ್ಷಕರ ಕೈಪಿಡಿಯಲ್ಲಿ ಇರುವುದಿಲ್ಲ. ಅಜ್ಜಿ, ರೈತ, ಬೇಸಾಯಶಾಸ್ತ್ರಜ್ಞ ಮೂವರೂ ಒಂದೇ ಮೇಜಿನ ಸುತ್ತ ಸೇರಿದಾಗ ಮಾತ್ರ ಹುಟ್ಟುತ್ತದೆ. ಅಜ್ಜಿ ಅಲ್ಲಿಗೆ ಬಂದದ್ದು ಮೊಮ್ಮಗಳ ನೋಟ್‌ಪುಸ್ತಕದಲ್ಲಿ.

ಆಮೇಲೆ ಎಲ್ಲರೂ ಟ್ರ್ಯಾಕ್ಟರ್ ಹತ್ತಿದರು, ಟೋಪಿ ಹಾಕಿಕೊಂಡರು, ಚೀಲ ತುಂಬ ಕರಪತ್ರ ತಂದರು. ಅದೂ ಬೇಕು.

ಮರಳಿದ ಮೇಲೆ

ಮುಂದಿನ ಭಾನುವಾರ ಮಕ್ಕಳು ಉತ್ತರವನ್ನು ಮನೆಗೆ ಫೋನಿನಲ್ಲಿ ಹೇಳಬೇಕು, ಮನೆಯವರು ಏನೆಂದರು ಎಂಬುದನ್ನು ಬರೆದುಕೊಂಡು ಬರಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಘಟಕದ ಅರ್ಧ ಬಿಟ್ಟಂತೆ ಎಂದು ನನ್ನ ಅಭಿಪ್ರಾಯ. ವೈಜ್ಞಾನಿಕ ವಿವರಣೆಯನ್ನು ತಿಳಿಯದವರಿಗೆ ತಿಳಿಯುವಂತೆ ಹೇಳುವುದು ಎಂಬ ಕಲಿಕಾ ಫಲವನ್ನು ನಾವು ಸಾಮಾನ್ಯವಾಗಿ ಚಾರ್ಟ್ ಬರೆಸಿ ಅಳೆಯುತ್ತೇವೆ. ಇಲ್ಲಿ ಫೋನಿನ ಆ ಕಡೆ ಇರುವವರು ಒಪ್ಪದಿದ್ದರೆ ‘ಹೋಗ್ಲಿ ಬಿಡು’ ಎಂದು ಇಟ್ಟುಬಿಡುತ್ತಾರೆ. ಅದಕ್ಕಿಂತ ಕಠಿಣ ಮೌಲ್ಯಮಾಪಕರು ಎಲ್ಲಿ ಸಿಗುತ್ತಾರೆ?

ಚನ್ನಗಿರಿಯ ಅಪ್ಪ ಬಸಿಗಾಲುವೆಯ ಮಾತನ್ನು ಒಪ್ಪಿದರು. ಆದರೆ ನೀರನ್ನು ಎಲ್ಲಿಗೆ ಬಿಡುವುದು, ಕೆಳಗಿನ ತೋಟ ಅಣ್ಣತಮ್ಮಂದಿರದ್ದು ಎಂದರಂತೆ. ಹೊನ್ನಾಳಿಯ ಒಬ್ಬ ತಾಯಿ, ‘ಯೂರಿಯಾ ಕಮ್ಮಿ ಹಾಕು ಅಂತ ನಾನೂ ಹೇಳ್ದೆ, ನನ್ನ ಮಾತು ಕೇಳಲಿಲ್ಲ. ಈಗ ನೀನು ಹೇಳು’ ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟರಂತೆ.

ಜಗಳೂರಿನ ಹುಡುಗಿ ಈ ಸಲ ಅಪ್ಪನೊಂದಿಗೇ ಮಾತಾಡಿದಳು. ಅಟ್ರಜಿನ್ ವಿಷಯ ಹೇಳಿದಳು. ಅಪ್ಪ ಬಹಳ ಹೊತ್ತು ಕೇಳಿ, ಆಮೇಲೆ ಅಂದದ್ದು: ‘ಸರಿ. ಎಣ್ಣೆ ಬಿಟ್ಟರೆ ಕಳೆ ತೆಗೆಯೋರು ಯಾರು? ನಿಮ್ಮಮ್ಮ ಒಬ್ಬಳೇ ಅದಾಳೆ.’

ಈ ವಾಕ್ಯವನ್ನು ಅವಳು ತರಗತಿಯಲ್ಲಿ ಓದಿದಾಗ ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಹಾಳೆಯನ್ನು ಮತ್ತೆ ಗೋಡೆಗೆ ಹಚ್ಚಿ, ಇದು ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳಿದೆ. ಎಡೆಕುಂಟೆ ಹೊಡೆದರೆ ಸಾಲಿನ ನಡುವಿನ ಕಳೆ ಹೋಗುತ್ತದಲ್ಲ ಎಂದು ನ್ಯಾಮತಿಯ ಹುಡುಗ ಹೇಳಿದ. ಎತ್ತು ಎಲ್ಲಿವೆ ಎಂದು ಜಗಳೂರಿನವರು ಕೇಳಿದರು. ಒಂದು ಮೂಲೆಯಲ್ಲಿ, ಮನೆ ಊಟಕ್ಕೆ ಸಾಕಾಗುವಷ್ಟೇ ಜಾಗದಲ್ಲಿ, ಎಣ್ಣೆ ಹೊಡೆಯದೆ ನಾಲ್ಕು ಸಾಲು ಬಿಟ್ಟರೆ ಎಂದು ಅದೇ ಹುಡುಗಿ ಕೊನೆಗೆ ಹೇಳಿದಳು. ಅದನ್ನು ಮೂರನೆಯ ಗುಂಪಿನಲ್ಲಿ, ‘ನಾವೇ ನೋಡಿ ಅಳೆದು ಕಂಡುಕೊಳ್ಳಬಹುದಾದವು’ ಎಂಬಲ್ಲಿ ಬರೆದರು. ಮುಂದಿನ ಮುಂಗಾರಿನಲ್ಲಿ ಅದು ಆಗುತ್ತದೋ ಇಲ್ಲವೋ, ಆ ಮನೆಯವರು ತೀರ್ಮಾನಿಸುತ್ತಾರೆ.

ಪಠ್ಯದ ಕಡೆಗೆ ಬರಲು ಇದೇ ಸಮಯ ಎಂದು ‘ಮಿಶ್ರ ಬೆಳೆಗೂ ಅಂತರ ಬೆಳೆಗೂ ವ್ಯತ್ಯಾಸವೇನು? ಅಕ್ಕಡಿ ಇವೆರಡರಲ್ಲಿ ಯಾವುದು?’ ಎಂಬ ಪ್ರಶ್ನೆ ಇಟ್ಟೆ. ಪಠ್ಯದ ಪ್ರಕಾರ ಬೀಜ ಬೆರೆಸಿ ಬಿತ್ತಿದರೆ ಮಿಶ್ರ, ನಿರ್ದಿಷ್ಟ ಸಾಲುಗಳಲ್ಲಿ ಬಿತ್ತಿದರೆ ಅಂತರ. ಅಕ್ಕಡಿ ಸಾಲಿನಲ್ಲಿ ಇರುತ್ತದೆ, ಹಾಗಾಗಿ ಅಂತರ ಬೆಳೆ ಎಂದು ಒಂದು ಪಕ್ಷ. ಅಕ್ಕಡಿಯ ಒಂದೇ ಸಾಲಿನೊಳಗೆ ತೊಗರಿ, ಅಲಸಂದೆ, ಅವರೆ ಬೆರೆಸಿ ಬಿಡುತ್ತಾರೆ, ಹಾಗಾಗಿ ಮಿಶ್ರ ಎಂದು ಇನ್ನೊಂದು ಪಕ್ಷ. ಸಾಲಿನ ಲೆಕ್ಕದಲ್ಲಿ ಅಂತರ, ಸಾಲಿನ ಒಳಗೆ ಮಿಶ್ರ ಎಂದು ಕೊನೆಗೆ ಒಪ್ಪಂದಕ್ಕೆ ಬಂದರು. ಆ ಉತ್ತರವನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆಯೇ ಎಂದು ಒಬ್ಬಳು ಕೇಳಿದಳು. ವ್ಯಾಖ್ಯೆ ಎರಡನ್ನೂ ಮೊದಲು ಬರೆದು, ಆಮೇಲೆ ಇದನ್ನು ಬರೆ ಎಂದು ಮಾರ್ಗದರ್ಶಿ ಶಿಕ್ಷಕಿಯವರು ಹಿಂದಿನ ಬೆಂಚಿನಿಂದ ಹೇಳಿದರು. ಅನುಭವ ಎಂದರೆ ಇದು.

ಅಂಕ, ಅವಧಿ ಮತ್ತು ಒಂದು ಸೀಸೆ

ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಇದನ್ನು ಬಳಸಿದೆ. ಅಂಕ ಕೊಟ್ಟದ್ದು ನಾಲ್ಕು ಕಡೆಗೆ: ಪ್ರಶ್ನೆಯನ್ನು ಮನೆಯವರ ಮಾತಿನಲ್ಲಿ ದಾಖಲಿಸಿದ್ದು, ಮುಂಚಿನ ಊಹೆ, ಮೇಳದಲ್ಲಿ ಬರೆದುಕೊಂಡ ಉತ್ತರ, ಊಹೆಗೂ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದ್ದು. ಊಹೆ ತಪ್ಪಾದದ್ದಕ್ಕೆ ಅಂಕ ಕಳೆಯಲಿಲ್ಲ; ತಪ್ಪಾದ ಊಹೆಯ ತಂಡಗಳಿಗೇ ನಾಲ್ಕನೆಯ ಭಾಗದಲ್ಲಿ ಬರೆಯಲು ಹೆಚ್ಚು ಸಿಕ್ಕಿತು. ಮೇಳದ ವರದಿ ಎಂಬ ಪ್ರಬಂಧ ಬರೆಸಲಿಲ್ಲ. ‘ನಾವು ಬೆಳಿಗ್ಗೆ ಎಂಟು ಗಂಟೆಗೆ ಹೊರಟೆವು’ ಎಂದು ಶುರುವಾಗುವ ಮೂವತ್ತೊಂದು ವರದಿ ಓದುವ ತಾಳ್ಮೆ ನನಗಿಲ್ಲ, ಬರೆಯುವ ಉತ್ಸಾಹ ಮಕ್ಕಳಿಗೂ ಇರಲಿಲ್ಲ.

ಮೇಳದ ದಿನ ಬಿಟ್ಟು ಏಳು ಅವಧಿ ಹಿಡಿಯಿತು: ಪ್ರಶ್ನೆ ವಿಂಗಡಿಸಲು ಎರಡು, ಊಹೆ ಮತ್ತು ತಯಾರಿಗೆ ಒಂದು, ಮರಳಿದ ಮೇಲೆ ನಾಲ್ಕು. ಪಶುಸಂಗೋಪನೆಯ ಭಾಗವನ್ನು ಇದರೊಳಗೆ ತರಲಾಗಲಿಲ್ಲ, ಅದಕ್ಕೆ ಬೇರೆ ಎರಡು ಅವಧಿ ತೆಗೆದುಕೊಂಡೆ. ಮೇಳ ಇಲ್ಲದ ತಿಂಗಳಲ್ಲಿ ಈ ಘಟಕ ಬಂದವರು ಕತ್ತಲಗೆರೆಯ ಕೇಂದ್ರವನ್ನೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ ಮೊದಲೇ ಸಂಪರ್ಕಿಸಿ ಇದೇ ರೀತಿ ಮಾಡಬಹುದು. ಜಾತ್ರೆಯ ಸಂಭ್ರಮ ಇರುವುದಿಲ್ಲ, ಆದರೆ ಉತ್ತರ ಹೇಳುವವರಿಗೆ ಹೆಚ್ಚು ಸಮಯ ಇರುತ್ತದೆ.

ನ್ಯಾಮತಿ ತಂಡ ಘಟಕ ಮುಗಿದ ಮೇಲೂ ಬಿಡಲಿಲ್ಲ. ಶಾಲೆಯ ಪಕ್ಕದ ಹಿಂಗಾರು ಮೆಕ್ಕೆಜೋಳದಿಂದ ಎರಡು ಹುಳ ತಂದು, ಗಾಜಿನ ಸೀಸೆಗೆ ಒಂದಿಷ್ಟು ಮಣ್ಣು, ಎಲೆ ಹಾಕಿ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಪ್ರಯೋಗಾಲಯದ ಕಿಟಕಿಯಲ್ಲಿ ಇಟ್ಟರು. ದಿನಾ ಎಲೆ ಬದಲಿಸುವ ಸರದಿ, ದಿನಾ ಒಂದು ಸಾಲು ದಾಖಲೆ. ಮೂರನೆಯ ದಿನದ ಸಾಲು: ‘ಒಂದೇ ಹುಳ ಇದೆ. ಬಟ್ಟೆ ಹರಿದಿಲ್ಲ. ಇನ್ನೊಂದು ಎಲ್ಲಿ?’ ಮಣ್ಣು ಕೆದಕಿ ನೋಡಿದರು, ತಲೆಯ ಚಿಪ್ಪು ಮಾತ್ರ ಸಿಕ್ಕಿತು. ಈ ಜಾತಿಯ ಬಲಿತ ಹುಳಗಳು ಒಂದನ್ನೊಂದು ತಿನ್ನುತ್ತವೆ. ಹೊಲದಲ್ಲಿ ಒಂದು ಸುಳಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಹುಳ ಸಿಗುವುದು ಯಾಕೆ ಎಂಬುದಕ್ಕೆ ನಾನು ಹೇಳುವ ಮುಂಚೆಯೇ ಅವರು ಕಾರಣ ಬರೆದಿದ್ದರು. ಉಳಿದ ಹುಳ ಮಣ್ಣಿನೊಳಗೆ ಕೋಶವಾಗಿ ಹನ್ನೊಂದನೇ ದಿನ ಪತಂಗವಾಗಿ ಹೊರಬಂತು. ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರಲಿಲ್ಲ, ಹಾಗಾಗಿ ಹೆಣ್ಣು ಎಂದು ತೀರ್ಮಾನವಾಯಿತು. ಹೊರಗೆ ಬಿಡಬಾರದು ಎಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಸೀಸೆ, ದಾಖಲೆ ಪುಸ್ತಕ ಎರಡೂ ಈಗ ಆ ಶಾಲೆಯ ಪ್ರಯೋಗಾಲಯದ ಎರಡನೇ ಕಪಾಟಿನಲ್ಲಿವೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಕೇಳಿದರೆ ಕೊಡುತ್ತಾರೆ.